ಮಾವನವರ ಬನಿಯನ್ನೂ ನನ್ನ ಬಾನೆಟ್ಟೂ

ಈಗಷ್ಟೇ ಪಾರ್ಕಿಂಗಿನಿಂದ ಮೇಲೆ ಬಂದು ಕೂತಿದ್ದೇನೆ. ಕಾಫಿ ಆರಿಹೋಗಿದೆ. ಬಿಸಿ ಮಾಡಿಕೊಡು ಅಂತ ಕೇಳುವ ಧೈರ್ಯವಿಲ್ಲ, ಯಾಕೆಂದರೆ ಅಡುಗೆಮನೆಯಲ್ಲಿರುವುದು ಅಪರಾಧಿಯ ಮಗಳು.

ನಮ್ಮ ಕಾರು ಕಪ್ಪು ಬಣ್ಣದ್ದು. ಬೇಸ್‌ಮೆಂಟಿನ ಟ್ಯೂಬ್‌ಲೈಟಿನಲ್ಲಿ ಎಣ್ಣೆ ಸವರಿದ ವಿಗ್ರಹದ ಹಾಗೆ ಹೊಳೆಯುತ್ತದೆ. ಇವತ್ತು ಭಾನುವಾರ ಅಲ್ವಾ, ತೊಳೆಯೋಣ ಅಂತ ಹೊರಗೆ ತಂದು ನಿಲ್ಲಿಸಿದೆ. ಎಂಟು ಗಂಟೆಯ ಬಿಸಿಲು ಓರೆಯಾಗಿ ಬಾನೆಟ್ ಮೇಲೆ ಬಿತ್ತು. ನೋಡಿದರೆ ಜೇಡರ ಬಲೆ! ರಾತ್ರಿಯೋರಾತ್ರಿ ಎಷ್ಟು ದೊಡ್ಡದು ಕಟ್ಟಿದೆಯಪ್ಪಾ ಅಂತ ಕೈಯಲ್ಲಿ ಒರೆಸಿದೆ. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದೆ. ಆಮೇಲೆ ಹೊಳೆಯಿತು, ಅದು ಬಾನೆಟ್ ಮೇಲಿರುವ ಬಲೆಯಲ್ಲ, ಬಣ್ಣದೊಳಗೇ ಇರುವ ಗೀರು. ಒಂದರೊಳಗೊಂದು, ಒಂದರೊಳಗೊಂದು, ಸುತ್ತು ಸುತ್ತು ಸುತ್ತು.

ಇಂಥ ವೃತ್ತಗಳನ್ನು ಎಳೆಯುವವರು ನಮ್ಮ ಮನೆಯಲ್ಲಿ ಒಬ್ಬರೇ.

ನಮ್ಮ ಮಾವ ತಿಪಟೂರಿನ ಕಡೆಯವರು. ಹೈಸ್ಕೂಲಿನಲ್ಲಿ 34 ವರ್ಷ ಗಣಿತ ಹೇಳಿದವರು. ಎರಡು ತಿಂಗಳ ಹಿಂದೆ ಬೆಂಗಳೂರಿಗೆ ಬಂದರು, ಬಂದ ಮರುದಿನವೇ ಅವರಿಗೆ ನನ್ನ ಕಾರು ಕಪ್ಪು ಹಲಗೆಯಂತೆ ಕಂಡಿರಬೇಕು. ಬೆಳಿಗ್ಗೆ ಆರಕ್ಕೆ ಎದ್ದು, ಕೈಯಲ್ಲಿ ತಮ್ಮ ಹಳೇ ಬನಿಯನ್ನಿನ ಅರ್ಧ ಭಾಗ ಹಿಡಿದು ಕೆಳಗಿಳಿಯುತ್ತಾರೆ. ಮೊದಲು ಬಟ್ಟೆಯನ್ನು ಬಾನೆಟ್ ಮೇಲೆ ಟಪ್ ಟಪ್ ಅಂತ ಎರಡು ಸಲ ಬಡಿಯುತ್ತಾರೆ, ಡಸ್ಟರ್ ಕೊಡವಿದ ಹಾಗೆ. ಆಮೇಲೆ ಎಡದಿಂದ ಬಲಕ್ಕೆ ದುಂಡಗೆ ಒರೆಸುತ್ತಾ ಹೋಗುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಕೊನೇ ಬೆಂಚಿನವನಿಗೆ ಕಾಣುತ್ತದೋ ಇಲ್ಲವೋ ಎಂಬಂತೆ ನೋಡುತ್ತಾರೆ. ಎಲ್ಲೋ ಪಾರಿವಾಳದ ಹಿಕ್ಕೆ ಒಂದು ಒಣಗಿ ಕೂತಿರುತ್ತದೆ. ಹತ್ತಿರ ಬಂದು 'ಹಾ' ಅಂತ ಅದರ ಮೇಲೆ ಉಸಿರು ಬಿಟ್ಟು, ಉಗುರಿನಲ್ಲಿ ಕೆರೆಯುತ್ತಾರೆ. ಆ ಸದ್ದು ನಾಲ್ಕನೇ ಮಹಡಿಯಲ್ಲಿ ಮಲಗಿರುವ ನನ್ನ ಹಲ್ಲಿಗೆ ಕೇಳಿಸುತ್ತದೆ. ಕೆಲಸ ಮುಗಿದ ಮೇಲೆ ಬನಿಯನ್ನನ್ನು ಕೊಳೆ ಒಳಗೆ ಬರುವಂತೆ ನೀಟಾಗಿ ಮಡಚಿ, ನಾಳೆಗೆ ಅಂತ ವೈಪರ್ ಸಂದಿಯಲ್ಲಿ ಸಿಕ್ಕಿಸಿ ಬರುತ್ತಾರೆ.

"ಬಟ್ಟೆ ಹೂವಿನಷ್ಟು ಮೆತ್ತಗಿದೆ ಕಣಪ್ಪ, ನೋಡು" ಅಂತ ನನ್ನ ಕೆನ್ನೆಗೇ ಒತ್ತಿ ತೋರಿಸಿದರು ಒಮ್ಮೆ. ಮೆತ್ತಗಿರುವುದು ನಿಜ. ಆದರೆ ತಪ್ಪು ಬಟ್ಟೆಯದ್ದಲ್ಲ, ಧೂಳಿನದ್ದು. ನಾವಿರುವುದು ಕನಕಪುರ ರಸ್ತೆಯ ಕಡೆ. ನಾಲ್ಕು ದಿಕ್ಕಿಗೂ ಕಟ್ಟಡ ಏಳುತ್ತಿದೆ, ಕಾರಿನ ಮೇಲೆ ಬೀಳುವುದು ಮರಳಿನ ಪುಡಿ. ಅದನ್ನು ನೀರು ಹಾಕದೆ ಒಣಗಿದ ಬಟ್ಟೆಯಲ್ಲಿ ಉಜ್ಜಿದರೆ ಬನಿಯನ್ ಹೋಗಿ ಸ್ಯಾಂಡ್‌ಪೇಪರ್ ಆಗುತ್ತದೆ. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪದರ ಇರುತ್ತದೆ, ಹೊಳಪೆಲ್ಲ ಅದರದ್ದೇ. ದಪ್ಪ ಸುಮಾರು 40-50 ಮೈಕ್ರಾನ್. ನಮ್ಮ ತಲೆಕೂದಲು ಅದಕ್ಕಿಂತ ದಪ್ಪ.

ಇದನ್ನೆಲ್ಲ ಅವರಿಗೆ ವಿವರಿಸಿದೆ. ಗಣಿತದವರು, ಅಂಕಿ ಕೊಟ್ಟರೆ ಅರ್ಥವಾಗುತ್ತದೆ ಅಂದುಕೊಂಡಿದ್ದೇ ನನ್ನ ದಡ್ಡತನ.

"50 ಮೈಕ್ರಾನ್ ಅಂದ್ರೆ ಮಿಲಿಮೀಟರಿನಲ್ಲಿ 20ರಲ್ಲಿ ಒಂದು ಭಾಗ. ಸರಿ. ಒಂದು ಸಲ ಒರೆಸಿದ್ರೆ ಎಷ್ಟು ಸವೀತದೆ?"

"ಅದು ಗೊತ್ತಿಲ್ಲ ಮಾವ."

"ದತ್ತ ಸಾಲದು" ಅಂದರು. ಬಿಡಿಸಲು ಬಾರದ ಲೆಕ್ಕವನ್ನು ಅಲ್ಲೇ ಬಿಟ್ಟು, ಡಿಕ್ಕಿಯ ಕಡೆ ಒರೆಸಲು ಹೋದರು. ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ ಅಂತೆಲ್ಲ ಬರೆದು ಪಾಸಾದ ನಾನು ಏನು ತಾನೇ ಹೇಳಲಿ? ಇವತ್ತು ಬಿಸಿಲಲ್ಲಿ ಕಂಡದ್ದು ರಚನೆ. ಏಕಕೇಂದ್ರೀಯ ವೃತ್ತಗಳು.

ತೊಳೆದ ಮೇಲೆ ಒರೆಸದೇ ಬಿಟ್ಟುಬಿಡಿ ಎನ್ನುತ್ತೀರಿ. ಬಿಡೋಕಾಗುತ್ತಾ? 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಅವತ್ತಿನಿಂದ ನಾನು ಬೋರ್‌ವೆಲ್ ನೀರಿಗೇ ಅಂಟಿಕೊಂಡಿದ್ದೇನೆ. ನಮ್ಮ ಬೋರ್‌ವೆಲ್ ನೀರೋ, ಹಾಗೇ ಒಣಗಲು ಬಿಟ್ಟರೆ ಕಾರಿಗೆ ಸಿಡುಬು ಎದ್ದ ಹಾಗೆ ಬಿಳಿ ಚುಕ್ಕೆ. ಗೀಸರಿನ ರಾಡ್ ಮೇಲೆ ಕಟ್ಟುವ ಸುಣ್ಣದಂಥದ್ದೇ ಇಲ್ಲಿ ಬಾನೆಟ್ ಮೇಲೆ ಕಟ್ಟುತ್ತದೆ. ಒರೆಸಿದರೆ ಗೀರು, ಒರೆಸದಿದ್ದರೆ ಚುಕ್ಕೆ. ಗಾಳಿಗೆ ಒಣಗಲಿ ಅಂತ ಒದ್ದೆ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದೆ ಒಮ್ಮೆ, ಅದು ಬೋಂಡಾ ಹಿಟ್ಟಿನಲ್ಲಿ ಅದ್ದಿದ ಹಾಗೆ ಧೂಳು ಮೆತ್ತಿಕೊಂಡು ವಾಪಸ್ ಬಂತು.

ಹಾಗಾಗಿ 900 ರೂಪಾಯಿ ಕೊಟ್ಟು ಒಂದು ಮೈಕ್ರೋಫೈಬರ್ ಟವೆಲ್ ತರಿಸಿದ್ದೆ. 1200 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 1200 ಗ್ರಾಂ ತೂಕ, ಕುರಿಮರಿಯ ಹಾಗಿತ್ತು. ಅದರಲ್ಲಿ ಉಜ್ಜುವ ಹಾಗೇ ಇಲ್ಲ. ಮೊದಲು ಪೈಪಿನ ನಳಿಕೆ ತೆಗೆದು, ನೀರನ್ನು ಮೇಲಿನಿಂದ ಸುಮ್ನೆ ಹರಿಯಬಿಡಬೇಕು, ಮುಕ್ಕಾಲು ಹನಿ ಅದರ ಜೊತೆಗೇ ಜಾರಿ ಹೋಗುತ್ತವೆ. ಉಳಿದದ್ದರ ಮೇಲೆ ಟವೆಲ್ ಹಾಸಿ, ಎರಡು ಮೂಲೆ ಹಿಡಿದು ಮೆಲ್ಲಗೆ ಎಳೆಯಬೇಕು, ಮಲಗಿದ ಮಗುವಿನ ಹೊದಿಕೆ ಎಳೆದ ಹಾಗೆ. ಚಕ್ರದ ಪಕ್ಕದ ಕೆಳಭಾಗಕ್ಕೆ ಬೇರೆ ಬಟ್ಟೆ. ಟವೆಲ್ ನೆಲಕ್ಕೆ ಬಿತ್ತೋ, ಒಗೆಯುವ ತನಕ ಅದು ಮೈಲಿಗೆ. ಎರಡು ಭಾನುವಾರ ಎಷ್ಟು ಚೆನ್ನಾಗಿ ನಡೆಯಿತು ಗೊತ್ತಾ! ಕನ್ನಡಿಯ ಸಂದಿಯಿಂದ ಆಮೇಲೆ ಇಳಿಯುವ ಆ ಒಂದು ಎಳೆ ನೀರನ್ನು ಬಿಟ್ಟರೆ ಕಾರಿನಲ್ಲಿ ಕುಂದಿರಲಿಲ್ಲ.

ಮೂರನೇ ಭಾನುವಾರ ಟವೆಲ್ ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆ. ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆಯಿತು, ಹಬೆಯ ನಡುವಿನಿಂದ ಮಾವ ಬಂದರು, ತಲೆಗೆ ನನ್ನ 1200 ಜಿಎಸ್‌ಎಂ ಸುತ್ತಿಕೊಂಡು.

"ಬಲು ಒಳ್ಳೇ ಟವೆಲ್ ತಂದಿದೀಯಪ್ಪ. ನೀರು ಹೀರೋದು ಅಂದ್ರೆ ಇದು!"

ಒಂದು ವಾರದಿಂದ ನಡೆದಿತ್ತಂತೆ. ನನ್ನಾಕೆ ಅದನ್ನು ಘಮಘಮ ಸಾಫ್ಟನರ್ ಹಾಕಿ ಎರಡು ಸಲ ಒಗೆದೂ ಆಗಿತ್ತು. ಮೈಕ್ರೋಫೈಬರಿಗೆ ಅದು ಆಗಿಬರುವುದಿಲ್ಲ, ಎಳೆಗಳಿಗೆ ಜಿಡ್ಡು ಹತ್ತಿಕೊಳ್ಳುತ್ತದೆ. ಈಗ ಅದು ನೀರು ಹೀರುವುದಿಲ್ಲ. ಇಲ್ಲಿಂದ ಅಲ್ಲಿಗೆ ವರ್ಗಾವಣೆ ಮಾಡುತ್ತದೆ, ಅಷ್ಟೇ.

ಜಗಳ ಆಡಬಹುದಿತ್ತು. ಆದರೆ ಮೊನ್ನೆ ಬೆಳಿಗ್ಗೆ ಬಾಲ್ಕನಿಯಿಂದ ಬಗ್ಗಿ ನೋಡಿದ್ದೆ. ಕಾರನ್ನು ಗೇಟಿನ ಪಕ್ಕ ನಿಲ್ಲಿಸಿದ್ದೆ ಆ ರಾತ್ರಿ. ಒರೆಸಿ ಮುಗಿಸಿದ ಮಾವ ಹೋಗದೆ ಅಲ್ಲೇ ನಿಂತಿದ್ದರು. ಒಂದು ಕೈ ಕಾರಿನ ಛಾವಣಿ ಮೇಲಿತ್ತು, ಕೊಟ್ಟಿಗೆಯಲ್ಲಿ ಹಸುವಿನ ಬೆನ್ನ ಮೇಲಿಟ್ಟ ಹಾಗೆ. 34 ವರ್ಷ ಸೈಕಲ್ಲಿನಲ್ಲೇ ಶಾಲೆಗೆ ಹೋದವರು. ಕಾರಿನೊಳಗೆ ಕೂತರೆ ಕಿಟಕಿಯ ಗುಂಡಿಯನ್ನೂ ಮುಟ್ಟುವುದಿಲ್ಲ, ಸೆಕೆಯಾದರೂ ಹಾಗೇ ಬೆವರುತ್ತಾ ಕೂರುತ್ತಾರೆ. ನಾನು ಬಾಲ್ಕನಿಯಿಂದ ಒಳಗೆ ಬಂದುಬಿಟ್ಟೆ.

ಪಾಲಿಶ್ ಮಾಡುವವನಿಗೆ ಈಗ ಫೋನ್ ಮಾಡಿದೆ. 6,000 ಕೇಳಿದ. ಗೀರು ಹೋಗುವುದು ಹೇಗೆ ಅಂದರೆ, ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನೂ ಗೀರಿನ ಮಟ್ಟಕ್ಕೆ ಉಜ್ಜಿ ತೆಗೆಯುತ್ತಾರಂತೆ. ಮಾವ ಪುಕ್ಕಟೆ ಮಾಡುತ್ತಿರುವುದೂ ಅದನ್ನೇ ಅಲ್ವಾ! ನಮ್ಮ ಪಕ್ಕದ ಪಾರ್ಕಿಂಗಿನವರು ಇದರಲ್ಲಿ ಜಾಣರು. ಕಡುನೀಲಿ ಕಾರು, ತಂದು ಇನ್ನೂ ಮೂರು ವಾರ. 'ಮುಟ್ಟಬೇಡಿ' ಅಂತ ಕಂಬಕ್ಕೆ ಬೋರ್ಡನ್ನೇ ತಗುಲಿಸಿದ್ದಾರೆ. ಮಕ್ಕಳು ಅತ್ತ ಚೆಂಡು ಉರುಳಿಸಿದರೂ ಗ್ರೂಪಿನಲ್ಲಿ ಫೋಟೋ ಹಾಕುತ್ತಾರೆ.

ಬಾಗಿಲು ಸದ್ದಾಯಿತು. ಮಾವ ಬಂದರು, ಕೈಯಲ್ಲಿ ಬನಿಯನ್, ಮುಖದಲ್ಲಿ ಬೆವರು, ಬಹಳ ಖುಷಿಯಾಗಿದ್ದಾರೆ.

"ನಿನ್ನ ಕಾರು ಹೊರಗಿತ್ತಲ್ಲ, ಬೇಗ ಮುಗೀತು. ಪಕ್ಕದ ನೀಲಿ ಕಾರು ತುಂಬಾ ಧೂಳಾಗಿತ್ತಪ್ಪ, ಪಾಪ, ಅದನ್ನೂ ಒರೆಸಿಬಿಟ್ಟೆ."