ಶಿಡ್ಲಘಟ್ಟಕ್ಕೆ ಬಂದ ಸಯಾಮಿ ಬೆಕ್ಕು

ನಮ್ಮ ಕಡೆ ನೋಟ್ಸನ್ನು ಮಕ್ಕಳು ಮಾಡಿಕೊಳ್ಳುವುದಿಲ್ಲ, ಮೇಷ್ಟ್ರು ಕೊಡುತ್ತಾರೆ. ಪಾಠ ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ‘ಸಾರ್, ನೋಟ್ಸ್ ಕೊಡಿ ಸಾರ್’ ಅಂತ ಕೂಗು. ನೀವೇ ಬರ್ಕೊಳ್ರಪ್ಪ ಅಂದರೆ ಇಡೀ ಪ್ಯಾರಾ ಭಟ್ಟಿ ಇಳಿಸುತ್ತಾರೆ. ಮುಖ್ಯವಾದದ್ದಕ್ಕೆ ಗೆರೆ ಎಳೀರಿ ಅಂದರೆ ಪುಟಕ್ಕೆ ಪುಟವೇ ಕೆಂಪಾಗುತ್ತದೆ.

ಶಿಡ್ಲಘಟ್ಟದ ನಮ್ಮ ಒಂಬತ್ತನೇ ತರಗತಿಗೆ ಓದಿ ಟಿಪ್ಪಣಿ ಮಾಡುವುದನ್ನು ಕಲಿಸಲು ಪರಿಸರ ಮಾಲಿನ್ಯವನ್ನೋ ಮಳೆನೀರು ಕೊಯ್ಲನ್ನೋ ಹಿಡಿಯಬಹುದಿತ್ತು. ಅವುಗಳ ಬಗ್ಗೆ ಏನು ಬರೆಯಬೇಕೆಂಬುದು ಮಕ್ಕಳಿಗೆ ಓದುವ ಮೊದಲೇ ಬಾಯಿಪಾಠ. ಅದಕ್ಕೇ ಸಯಾಮಿ ಬೆಕ್ಕನ್ನು ಹಿಡಿದೆ. ಬೆಕ್ಕು ಎಲ್ಲರಿಗೂ ಗೊತ್ತು, ಈ ಬೆಕ್ಕು ಯಾರಿಗೂ ಗೊತ್ತಿಲ್ಲ.

ಒಂದೇ ಪುಟದ ಬರಹ. ಮೊದಲು ಇತಿಹಾಸ: ಸಯಾಂ ಎಂದರೆ 1939ರಲ್ಲಿ ಥಾಯ್ಲೆಂಡ್ ಎಂದು ಹೆಸರು ಬದಲಿಸಿಕೊಂಡ ದೇಶ; 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಕ್ಕಿನ ಪ್ರದರ್ಶನಕ್ಕೆ ಈ ತಳಿ ಬಂದಿತ್ತು. ಇಸವಿ ಕಂಡಿದ್ದೇ ತಡ, ಸ್ಕೇಲು, ಕೆಂಪು ಪೆನ್ನು ಹೊರಬಂದವು. ಒಂದು ಅಂಕದ ಪ್ರಶ್ನೆಯ ವಾಸನೆ ನಮ್ಮ ಮಕ್ಕಳಿಗೆ, ಬೆಕ್ಕಿಗೆ ಹಾಲಿನ ವಾಸನೆ ಹತ್ತಿದ ಹಾಗೆ ಹತ್ತುತ್ತದೆ.

ಎರಡನೇ ಪ್ಯಾರಾಕ್ಕೆ ಬಂದಾಗ ಪೆನ್ನು ನಿಂತಿತು. ಈ ತಳಿಯ ಮರಿ ಹುಟ್ಟುವಾಗ ಹೆಚ್ಚುಕಡಿಮೆ ಬೆಳ್ಳಗಿರುತ್ತದೆ. ಆಮೇಲೆ ಕಿವಿ, ಮೂತಿ, ಪಾದ, ಬಾಲ ಮಾತ್ರ ಕಪ್ಪಾಗುತ್ತವೆ. ಬಣ್ಣ ತಯಾರಿಸುವ ಕಿಣ್ವ ಇದರಲ್ಲಿ ಬಿಸಿಗೆ ಕೆಲಸ ಮಾಡುವುದಿಲ್ಲ. ಬೆಕ್ಕಿನ ಮೈಬಿಸಿ 38 ಡಿಗ್ರಿಗೂ ಮೇಲೆ, ಅಲ್ಲಿ ಕಿಣ್ವ ಸುಮ್ಮನೆ ಕೂತಿರುತ್ತದೆ. ತುದಿಗಳು ತಣ್ಣಗಿರುವುದರಿಂದ ಅಲ್ಲಿ ಬಣ್ಣ ಹಿಡಿಯುತ್ತದೆ. ತಾಯಿಯ ಹೊಟ್ಟೆಯೊಳಗೆ ಎಲ್ಲ ಕಡೆಯೂ ಬೆಚ್ಚಗೆ, ಆದ್ದರಿಂದ ಮರಿ ಬಿಳಿ.

ರೇಷ್ಮೆ ಸೀಮೆಯ ಮಕ್ಕಳಿಗೆ ಡಿಗ್ರಿ ಲೆಕ್ಕ ನಾವು ಹೇಳಿಕೊಡಬೇಕಾಗಿಲ್ಲ. ಹುಳು ಮನೆಯ ಗೋಡೆಯಲ್ಲೇ ಥರ್ಮಾಮೀಟರ್ ನೇತಾಡುತ್ತಿರುತ್ತದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, 27–28 ಡಿಗ್ರಿ ಬೇಕು, ದೊಡ್ಡ ಹುಳುವಿಗೆ 24–25 ಸಾಕು. ಅದು ಏರುಪೇರಾದರೆ ಅಪ್ಪನ ಮುಖದ ಬಣ್ಣವೇ ಬದಲಾಗುವುದನ್ನು ನೋಡಿ ಬೆಳೆದವರು. ಇನ್ನು ಬೆಕ್ಕಿನದೇನು ಮಹಾ!

ಹಾಳೆ ಮಗುಚಿಟ್ಟು ಬರೆಯಿರಿ ಅಂದೆ. ತೆರೆದಿಟ್ಟುಕೊಂಡು ಬರೆದದ್ದನ್ನು ಟಿಪ್ಪಣಿ ಅಂತ ನಾನು ಒಪ್ಪುವವನಲ್ಲ, ಈ ವಿಷಯದಲ್ಲಿ ಸ್ವಲ್ಪ ಹಟಮಾರಿ. ಒಬ್ಬಳು ಬೆಕ್ಕಿನ ಆಕಾರ ಗೀಚಿ, ತುದಿಗಳಿಗೆಲ್ಲ ಪೆನ್ಸಿಲ್ ಉಜ್ಜಿ, ಪಕ್ಕದಲ್ಲಿ ‘ತಣ್ಣಗಿದ್ದಲ್ಲಿ ಕಪ್ಪು’ ಎಂದಷ್ಟೇ ಬರೆದಿದ್ದಳು. ಅದನ್ನೇ ಹಿಡಿದು, ಮರಿ ಯಾಕೆ ಬಿಳಿ ಅನ್ನುವುದನ್ನೂ ಸೇರಿಸಿ, ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಪಕ್ಕದವಳದು ಎರಡು ಪುಟ, ಮುತ್ತು ಪೋಣಿಸಿದಂಥ ಅಕ್ಷರ. ಕೇಳಿದರೆ ಬಾಯಿ ಬಿಡಲಿಲ್ಲ.

ಅಂಚಿನಲ್ಲಿ ಜಾಗ ಬಿಟ್ಟು ನಿಮ್ಮದೊಂದು ಪ್ರಶ್ನೆ ಬರೆಯಿರಿ ಎಂದೂ ಹೇಳಿದ್ದೆ. ‘ಪ್ರಶ್ನೆ ನೀವು ಕೇಳ್ಬೇಕಲ್ವಾ ಸಾರ್?’ ಅಂದವರೇ ಹೆಚ್ಚು. ಆದರೂ ಒಬ್ಬ ಬರೆದಿದ್ದ: ‘ಏಪ್ರಿಲ್ ಬಿಸಿಲಲ್ಲಿ ನಮ್ಮೂರಲ್ಲಿ ಬೆಳೆದರೆ ಬೆಳ್ಳಗೇ ಉಳಿಯುತ್ತಾ?’ ಸೆಕೆಯ ನಾಡಿನಲ್ಲಿ ಬೆಳೆದದ್ದರ ಬಣ್ಣ ತಿಳಿ, ಚಳಿ ನಾಡಿನದು ಗಾಢ ಎಂಬುದು ಇನ್ನೂ ಓದಿಸಿರದ ಮೂರನೇ ಪ್ಯಾರಾದಲ್ಲಿತ್ತು. ಹುಡುಗ ನಮಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿದ್ದ.

ಇನ್ನೊಬ್ಬನ ಅಂಚಿನಲ್ಲಿ: ‘ಇಲಿ ಹಿಡಿಯುತ್ತಾ? ಇದರಲ್ಲಿ ಹೇಳಿಲ್ಲ.’ ಅವರ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದಿದ್ದವು, ರಾತ್ರಿಯೆಲ್ಲ ಇಲಿ ಕಾಟವಂತೆ. ಬಣ್ಣ ಕಟ್ಟಿಕೊಂಡು ಅವನಿಗೇನಾಗಬೇಕು!