ಮರಳು ಬರುವುದು ಎಲ್ಲಿಂದ?

ಮಂಗಳೂರಿನ ಪಕ್ಕದ ಉಳ್ಳಾಲದಲ್ಲಿ ಕಡಲು ದಡವನ್ನು ಕೊರೆದು ನುಂಗುತ್ತಿದೆ ಎಂಬ ವರದಿ ಓದಿ ಹೊಟ್ಟೆ ಉರಿಯಿತು. ನಾನು ಮಂಡ್ಯದವನು, ಆದರೆ ಅಕ್ಕನನ್ನು ಕೊಟ್ಟಿರುವುದು ಆ ಕಡೆಗೇ. ಹೋದ ಮಳೆಗಾಲದಲ್ಲಿ ಅವರ ಹಿತ್ತಲಿನ ತೆಂಗಿನ ಮರದ ಬೇರೆಲ್ಲ ಹೊರಗೆ ಬಂದು ಗಾಳಿಗೆ ಅಲ್ಲಾಡುತ್ತಿತ್ತು, ಎರಡು ದಿನ ಬಿಟ್ಟು ನೋಡಿದರೆ ಮರವೇ ಇಲ್ಲ.

ಆ ವರದಿಯ ಕೆಳಗೆ ಒಬ್ಬರು, ದಡಕ್ಕೆ ಕಲ್ಲು ಹಾಕಿದರೆ ಮುಗೀತು ಎಂದು ಬರೆದಿದ್ದಾರೆ. ಅಷ್ಟು ಸುಲಭ ಅಲ್ಲ ಸ್ವಾಮಿ. ಕಲ್ಲಿನ ಗೋಡೆ ಇದ್ದ ಕಡೆ ದಡ ಉಳಿಯಬಹುದು, ಆದರೆ ಗೋಡೆ ಮುಗಿಯುವ ಜಾಗದಲ್ಲಿ ಪಕ್ಕದ ಮನೆಯವರಿಗೆ ಪೆಟ್ಟು ಜಾಸ್ತಿ. ದಡ ಉಳಿಯಬೇಕಾದರೆ ಮರಳು ಬೇಕು, ಅದನ್ನು ತಂದು ಕೊಡುವುದು ನದಿಗಳು ಅಲ್ವಾ? ನಾವು ಅದನ್ನು ಅಣೆಕಟ್ಟಲ್ಲಿ ತಡೆದೆವು, ಉಳಿದದ್ದನ್ನು ಲಾರಿಗೆ ತುಂಬಿದೆವು. ನಮ್ಮ ಕಾವೇರಿಯ ಕಥೆಯೂ ಇದೇ. ಕನ್ನಂಬಾಡಿ, ಅದರ ಕೆಳಗೆ ತಮಿಳುನಾಡಿನಲ್ಲಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು, ಎರಡರ ಹಿಂದೆಯೂ ಕೂತಿರುವ ಹೂಳು ತಮಿಳುನಾಡಿನ ಕರಾವಳಿಯ ಪೂಂಪುಹಾರ್ ಕಡೆ ಸಮುದ್ರ ಸೇರಬೇಕಿದ್ದ ಮಣ್ಣು. ನಾನು ಚಿಕ್ಕವನಿದ್ದಾಗ ಶ್ರೀರಂಗಪಟ್ಟಣದ ಹೊಳೆಯಲ್ಲಿ ಕಾಲು ಹೂತುಹೋಗುವಷ್ಟು ಮರಳಿತ್ತು, ಈಗ ಅದೇ ಜಾಗದಲ್ಲಿ ಬರೀ ಬಂಡೆ, ಗುಂಡಿ. ನಮ್ಮ ಮನೆ ಕಟ್ಟುವಾಗ ನಾವೂ ಹೊಳೆ ಮರಳನ್ನೇ ತರಿಸಿದ್ದೆವು, ಅದು ನೆನಪಾದರೆ ಸಂಕಟ ಆಗುತ್ತದೆ.

ಅಕ್ಕನ ಮನೆ ಬಾವಿ ನೀರು ಈಗ ಉಪ್ಪು. ಕುಡಿಯಲು ಟ್ಯಾಂಕರ್ ಕಾಯುತ್ತಾರೆ.