ಅಂಗಡಿ ಸುಟ್ಟವರಿಗೆ ಬೈಯುವ ಮುಂಚೆ

ಅಮೆರಿಕದ ಕಪ್ಪು ಜನರ ಪ್ರತಿಭಟನೆಯ ಮಾತು ಬಂದಾಗಲೆಲ್ಲ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಉಪದೇಶ ತಪ್ಪುವುದಿಲ್ಲ: "ಪೊಲೀಸರು ಹೇಳಿದಂತೆ ಕೇಳಿದ್ದರೆ ಏನೂ ಆಗುತ್ತಿರಲಿಲ್ಲ. ಅದಕ್ಕಾಗಿ ಅಂಗಡಿಗಳಿಗೆ ಬೆಂಕಿ ಇಡುವುದೇ?" ಬೆಂಕಿ ಇಟ್ಟದ್ದು ಸರಿ ಎಂದು ನಾನೂ ಹೇಳುವುದಿಲ್ಲ. ಆದರೆ ಹೊತ್ತಿಸಿದ್ದು ಯಾವುದು ಎಂದು ಕೇಳುವ ವ್ಯವಧಾನ ಯಾರಿಗೂ ಇದ್ದಂತಿಲ್ಲ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತರು. 20 ಡಾಲರಿನ ಖೋಟಾ ನೋಟು ಕೊಟ್ಟರೆಂಬುದು ಅವರ ಮೇಲಿದ್ದ ದೂರು. ಪೊಲೀಸ್ ಇಲಾಖೆಯ ಮೊದಲ ಹೇಳಿಕೆಯನ್ನು ಒಮ್ಮೆ ಓದಿ: ಶಂಕಿತ ಪ್ರತಿರೋಧ ತೋರಿದ, ಕೈಕೋಳ ಹಾಕಲಾಯಿತು, ಅಸ್ವಸ್ಥನಾದಂತೆ ಕಂಡ, ಆಂಬ್ಯುಲೆನ್ಸ್ ಕರೆಸಲಾಯಿತು, ಆಸ್ಪತ್ರೆಯಲ್ಲಿ ತೀರಿಕೊಂಡ. ಕುತ್ತಿಗೆಯ ಮೇಲಿದ್ದ ಪೊಲೀಸನ ಮೊಣಕಾಲಿನ ಸುದ್ದಿಯೇ ಇಲ್ಲ! 17 ವರ್ಷದ ಹುಡುಗಿಯೊಬ್ಬಳು ಅಲ್ಲೇ ನಿಂತು ಮೊಬೈಲಿನಲ್ಲಿ ಎಲ್ಲವನ್ನೂ ಸೆರೆಹಿಡಿಯದೆ ಹೋಗಿದ್ದರೆ ಆ ಹೇಳಿಕೆಯೇ ಸತ್ಯವಾಗಿ ಕಡತ ಸೇರುತ್ತಿತ್ತು.

ಆ ಮೊಣಕಾಲು ಫ್ಲಾಯ್ಡ್ ಮೇಲಿದ್ದದ್ದು 9 ನಿಮಿಷ 29 ಸೆಕೆಂಡು. ರಜೆಯಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ನಾಡಿ ನೋಡಿ ಎಂದು ಅಂಗಲಾಚಿದರು. ಅವರನ್ನು ಹತ್ತಿರ ಬಿಡಲಿಲ್ಲ. ಜೊತೆಗಿದ್ದ ಪೊಲೀಸನೇ ನಾಡಿ ಸಿಗುತ್ತಿಲ್ಲ ಎಂದ. ಮೊಣಕಾಲು ಕದಲಲಿಲ್ಲ.

"ಉಸಿರಾಡಲು ಆಗುತ್ತಿಲ್ಲ" ಎಂದು ಫ್ಲಾಯ್ಡ್ ಗೋಗರೆದಿದ್ದರು. ಅದೇ ಮಾತನ್ನು 2014ರಲ್ಲಿ ನ್ಯೂಯಾರ್ಕಿನ ಎರಿಕ್ ಗಾರ್ನರ್ ಕೂಡ ಹೇಳಿ ಸತ್ತಿದ್ದರು. ಅವರ ಮೇಲಿದ್ದದ್ದು ಬಿಡಿ ಸಿಗರೇಟು ಮಾರಿದ ಶಂಕೆ. ಕುತ್ತಿಗೆ ಬಿಗಿದ ಪೊಲೀಸನ ಮೇಲೆ ಆರೋಪ ಹೊರಿಸಲು, ಅದನ್ನು ನಿರ್ಧರಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿ ಒಪ್ಪಲಿಲ್ಲ. ಇಂಥವು ಕೂಡಿಟ್ಟ ಸಿಟ್ಟು ಒಂದು ರಾತ್ರಿಯದಲ್ಲ.

ಅಂಗಡಿಗಳ ಬಗ್ಗೆ ಮರುಗುವವರಿಗೆ ಒಂದು ಮಾತು. ಫ್ಲಾಯ್ಡ್ ಸಾವಿನ ನಂತರ ಮಿನಿಯಾಪೊಲಿಸ್‌ನಲ್ಲಿ ಹೊತ್ತಿದ ಬೆಂಕಿಯಲ್ಲಿ ಬಾಂಗ್ಲಾದೇಶ ಮೂಲದವರೊಬ್ಬರ 'ಗಾಂಧಿ ಮಹಲ್' ಎಂಬ ಹೋಟೆಲೂ ಸುಟ್ಟುಹೋಯಿತು. ಕಟ್ಟಡ ಸುಟ್ಟರೆ ಸುಡಲಿ, ನ್ಯಾಯ ಸಿಗಲಿ ಎಂದವರು ಅದರ ಮಾಲೀಕರೇ.

ಇನ್ನು ಹೇಳಿದಂತೆ ಕೇಳುವ ವಿಚಾರ. 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ ಅಜ್ಜ ಫುಟ್‌ಪಾತಿನಲ್ಲಿ ನಡೆದು ಹೋಗುತ್ತಿದ್ದರು. ಸಣಕಲು ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಎಂದು ಯಾರೋ ಪೊಲೀಸರಿಗೆ ಕರೆ ಮಾಡಿದರು. ಇಂಗ್ಲಿಷ್ ಬಾರದ ಅಜ್ಜನನ್ನು ಪೊಲೀಸ್ ನೆಲಕ್ಕೆ ಅಪ್ಪಳಿಸಿದ. ಮೈ ಭಾಗಶಃ ಸ್ವಾಧೀನ ತಪ್ಪಿತು. ವಿಚಾರಣೆಯಲ್ಲಿ ತೀರ್ಪು ಕೊಡಬೇಕಾದ ನಾಗರಿಕರ ಜ್ಯೂರಿ ಎರಡು ಸಲವೂ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ನ್ಯಾಯಾಧೀಶರೇ ಪೊಲೀಸನನ್ನು ಖುಲಾಸೆ ಮಾಡಿದರು.

ಫ್ಲಾಯ್ಡ್ ಪ್ರಕರಣದಲ್ಲಿ ಮೊಣಕಾಲು ಊರಿದ್ದ ಪೊಲೀಸ್ ಡೆರೆಕ್ ಶಾವಿನ್‌ಗೆ ಇಪ್ಪತ್ತೆರಡೂವರೆ ವರ್ಷ ಜೈಲಾಯಿತು, ನಿಜ. ಆದರೆ ಫ್ಲಾಯ್ಡ್ ಹೆಸರಿನ ಪೊಲೀಸ್ ಸುಧಾರಣೆ ಮಸೂದೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲೇ ಪಾಸಾಗದೆ ಉಳಿಯಿತು. ಮಿನಿಯಾಪೊಲಿಸ್ ಪೊಲೀಸರನ್ನು ನ್ಯಾಯಾಲಯದ ಉಸ್ತುವಾರಿಗೆ ತರಬೇಕಿದ್ದ ಒಪ್ಪಂದವನ್ನು ಫೆಡರಲ್ ನ್ಯಾಯ ಇಲಾಖೆ 2025ರ ಮೇ ತಿಂಗಳಲ್ಲಿ, ಸಾವಿಗೆ ಐದು ವರ್ಷ ತುಂಬಲು ಕೆಲವೇ ದಿನ ಇರುವಾಗ, ಕೈಬಿಟ್ಟಿತು. ಜನ ಮತ್ತೆ ಬೀದಿಗಿಳಿದರೆ ನನಗಂತೂ ಆಶ್ಚರ್ಯವಾಗುವುದಿಲ್ಲ.